18 ರೋಗಿಗಳು, ಒಬ್ಬಳೇ ನರ್ಸ್: ತಪ್ಪು ನನ್ನದಾ?

ಪ್ರಶ್ನೆ: ನಾನು ಏಳು ವರ್ಷದಿಂದ ಮೆಡಿಕಲ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ನೈಟ್ ಡ್ಯೂಟಿ 12 ಗಂಟೆ. ಒಬ್ಬಳಿಗೇ 18 ರೋಗಿಗಳು. ಕಳೆದ ತಿಂಗಳು, ಸಾಲಾಗಿ ಐದನೇ ನೈಟ್ ಮುಗಿಯುವ ಹೊತ್ತಿಗೆ, ಒಬ್ಬರ ಇನ್ಸುಲಿನ್ ಅನ್ನು ಪಕ್ಕದ ಬೆಡ್‌ನವರಿಗೆ ಕೊಡುವುದರಲ್ಲಿದ್ದೆ. ಹೆಸರು ಕೇಳಿದ್ದರಿಂದ ಗೊತ್ತಾಯಿತು. ಯಾರಿಗೂ ಹೇಳಿಲ್ಲ. ಆವತ್ತಿನಿಂದ ಸಿರಿಂಜ್ ಹಿಡಿದರೆ ಕೈ ನಡುಗುತ್ತದೆ. ಮೊದಲೆಲ್ಲ ರೋಗಿ ತೀರಿಕೊಂಡರೆ ಮನೆಗೆ ಹೋಗಿ ಅಳುತ್ತಿದ್ದೆ. ಈಗ ಏನೂ ಅನ್ನಿಸುವುದಿಲ್ಲ. ಸೊಂಟನೋವು ಬೇರೆ. ಕೆಲಸ ಉಳಿಯುತ್ತಿದೆ ಅಂತ ಹೇಳಿದರೆ 'ನಿನಗೆ ಟೈಮ್ ಮ್ಯಾನೇಜ್‌ಮೆಂಟ್ ಬರಲ್ಲ' ಅಂತಾರೆ. ನಾನು ಈ ಕೆಲಸಕ್ಕೆ ತಕ್ಕವಳಲ್ವಾ? ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ಮಾತು ತಪ್ಪಿನದಲ್ಲ. ಹೆಸರು ಕೇಳಿದಿರಿ ಅನ್ನುವುದು. ಐದನೇ ರಾತ್ರಿಯ ಕೊನೆಯಲ್ಲಿ, ಕಣ್ಣು ಎಳೆಯುತ್ತಿರುವಾಗ, ಕೈಯಲ್ಲಿ ಸಿರಿಂಜ್ ಇದ್ದಾಗ, ನೀವು ಒಂದು ಕ್ಷಣ ನಿಂತು ಹೆಸರು ಕೇಳಿದಿರಿ. ಕೆಲಸಕ್ಕೆ ತಕ್ಕವಳಲ್ಲದ ನರ್ಸ್ ಆ ಹೊತ್ತಿನಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮೂರು ದಶಕ ವಾರ್ಡಿನಲ್ಲಿ ದುಡಿದು, ಆಮೇಲೆ ಹೊಸ ನರ್ಸ್‌ಗಳಿಗೆ ಪಾಠ ಹೇಳಿದವಳಾಗಿ ಹೇಳುತ್ತಿದ್ದೇನೆ.

ಈಗ ಟೈಮ್ ಮ್ಯಾನೇಜ್‌ಮೆಂಟ್ ವಿಷಯಕ್ಕೆ ಬರೋಣ. ಈ ಮಾತನ್ನು ನಾನೂ ಕೇಳಿಸಿಕೊಂಡಿದ್ದೇನೆ. ಇನ್‌ಚಾರ್ಜ್ ಆದಮೇಲೆ, ಹೇಳಲು ನಾಚಿಕೆಯಾಗುತ್ತದೆ, ಒಂದೆರಡು ಸಲ ನಾನೂ ಬೇರೆಯವರಿಗೆ ಹೇಳಿದ್ದೇನೆ. ಆಮೇಲೆ ಒಂದು ದಿನ ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಿಮ್ಮ ರಾತ್ರಿಗೂ ಅದೇ ಲೆಕ್ಕ ಹಾಕೋಣ.

12 ಗಂಟೆ ಅಂದರೆ 720 ನಿಮಿಷ. ನಾಲ್ಕು ಗಂಟೆಗೊಮ್ಮೆ ವೈಟಲ್ಸ್ ನೋಡಬೇಕು ಅಂತಿಟ್ಟುಕೊಳ್ಳಿ. ಬಿಪಿ, ನಾಡಿ, ಉಸಿರು, ಜ್ವರ, ರಕ್ತದ ಆಮ್ಲಜನಕ, ಎಲ್ಲಾ ಸೇರಿ ಒಬ್ಬರಿಗೆ ನಾಲ್ಕೇ ನಿಮಿಷ ಹಿಡಿದರೂ 18 ಜನಕ್ಕೆ ಮೂರು ಸುತ್ತಿಗೆ 216 ನಿಮಿಷ. ಔಷಧಿಯ ಎರಡು ಸುತ್ತು, ಒಬ್ಬರಿಗೆ ಐದು ನಿಮಿಷದಂತೆ 180. ಹೊರಳಲು ಆಗದ ರೋಗಿಗಳು ನಾಲ್ಕು ಜನ ಇದ್ದಾರೆ ಅನ್ನಿ. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಹುಣ್ಣು, ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನಮಗೆಲ್ಲ ಕಲಿಸಿದ್ದಾರೆ. ರಾತ್ರಿಗೆ ಆರು ಸಲ, ಪ್ರತಿ ಸಲ ಒಬ್ಬೊಬ್ಬರಿಗೆ ಹತ್ತು ನಿಮಿಷ. ಅಲ್ಲಿಗೆ 240. ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ತೆಗೆದುಕೊಳ್ಳಲು ಅರ್ಧ ಗಂಟೆ, ಕೊಡಲು ಅರ್ಧ ಗಂಟೆ. ಒಟ್ಟು 696 ನಿಮಿಷ ಆಯಿತು. ಉಳಿದದ್ದು 24. ಇನ್ನೂ ಒಂದು ನೋಟ್ಸ್ ಬರೆದಿಲ್ಲ. ಒಬ್ಬರಿಗೆ ಮೂರು ನಿಮಿಷದಂತೆ ಬರೆದರೂ 54 ಬೇಕು. ಅಲ್ಲಿಗೇ ರಾತ್ರಿ ಅರ್ಧ ಗಂಟೆ ಸಾಲದಾಯಿತು.

ಗಮನಿಸಿ, ಇದರಲ್ಲಿ ಯಾರೂ ಬೆಲ್ ಒತ್ತಿಲ್ಲ. ಯಾರಿಗೂ ಡ್ರಿಪ್ ಸೂಜಿ ಚುಚ್ಚಿದ ಜಾಗ ಊದಿಲ್ಲ. ಹೊಸ ಅಡ್ಮಿಷನ್ ಬಂದಿಲ್ಲ. ಯಾರೂ ವಾಂತಿ ಮಾಡಿಲ್ಲ, ಯಾರೂ ಬಿದ್ದಿಲ್ಲ, ಯಾರೂ ಸತ್ತಿಲ್ಲ. ನೀವು ನೀರು ಕುಡಿದಿಲ್ಲ, ಶೌಚಾಲಯಕ್ಕೆ ಹೋಗಿಲ್ಲ. ಅದಕ್ಕಿಂತ ಹೆಚ್ಚಾಗಿ, ರೋಗಿಯ ಮಗ್ಗುಲು ಬದಲಿಸಲು ಇಬ್ಬರು ಬೇಕು. ನೀವು ಒಬ್ಬರೇ ಇದ್ದೀರಿ. ಇದು ಟೈಮ್ ಮ್ಯಾನೇಜ್‌ಮೆಂಟ್ ಅಲ್ಲ ಅಲ್ವಾ? ಮ್ಯಾನೇಜ್ ಮಾಡಲು ಟೈಮೇ ಇಲ್ಲ.

ಈ ಲೆಕ್ಕವನ್ನು ದೊಡ್ಡ ಮಟ್ಟದಲ್ಲಿ ಹಾಕಿದವರಿದ್ದಾರೆ. ಅಮೆರಿಕದ ಲಿಂಡಾ ಐಕೆನ್ ಸ್ವತಃ ನರ್ಸ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರು. 2002ರಲ್ಲಿ ಅವರ ತಂಡ 168 ಆಸ್ಪತ್ರೆಗಳ, 2,30,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ರೋಗಿಗಳ ವಿವರ ನೋಡಿತು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿತ್ತು. ನರ್ಸ್ ಸೋತು ಕುಸಿಯುವ ಸಂಭವ ಶೇ 23ರಷ್ಟು ಹೆಚ್ಚುತ್ತಿತ್ತು. ಇದು ಅಮೆರಿಕದ ಕಥೆ ಅಂತ ಕೆಲವರು ಅಂದರು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದರು. ಒಬ್ಬ ರೋಗಿ ಜಾಸ್ತಿಯಾದರೆ ಸಾವಿನ ಸಂಭವ ಹೆಚ್ಚುವುದು ಮತ್ತೆ ಅದೇ ಶೇ 7.

ಏಕೆ ಹೀಗಾಗುತ್ತದೆ? ನನಗೆ ಇದು ಪುಸ್ತಕದಿಂದಲ್ಲ, ಒಬ್ಬ ರೋಗಿಯಿಂದ ಅರ್ಥವಾಯಿತು.

ಕೆಲಸಕ್ಕೆ ಸೇರಿ ಎರಡನೇ ವರ್ಷ. ನೈಟ್, 22 ರೋಗಿಗಳು. ಒಂದು ಮೂಲೆಯಲ್ಲಿ ಜ್ವರದ ಗುಂಗಿನಲ್ಲಿ ಒಬ್ಬರು ಡ್ರಿಪ್ ಕಿತ್ತುಕೊಳ್ಳುತ್ತಿದ್ದರು. ಇನ್ನೊಂದು ಕಡೆ ಜೊತೆಗಿದ್ದವರು ಡಾಕ್ಟರ್ ಎಲ್ಲಿ ಅಂತ ಕೂಗಾಡುತ್ತಿದ್ದರು. ಇಡೀ ರಾತ್ರಿ ನಾನು ಸದ್ದು ಬಂದ ಕಡೆ ಓಡಿದೆ. ಕಿಟಕಿ ಪಕ್ಕದ ಬೆಡ್‌ನಲ್ಲಿ ಒಬ್ಬ ಅಜ್ಜಿ ಇದ್ದರು. ತುಂಬಾ ಸಾಧು. ಒಂದು ಸಲವೂ ಕರೆಯಲಿಲ್ಲ. ಪಾಪ ಮಲಗಲಿ ಅಂದುಕೊಂಡೆ. ಬೆಳಗಿನ ವೈಟಲ್ಸ್ ನೋಡಲು ಹೋದಾಗ ಉಸಿರು ನಿಮಿಷಕ್ಕೆ 34 ಇತ್ತು. ಕೈಕಾಲು ತಣ್ಣಗಿದ್ದವು. ಸೆಪ್ಸಿಸ್, ಅಂದರೆ ಸೋಂಕು ಮೈಯೆಲ್ಲಾ ಕೆಡಿಸಿತ್ತು. ಐಸಿಯುಗೆ ಕಳಿಸಿದೆವು, ಉಳಿಯಲಿಲ್ಲ. ಅವರು ಮಲಗಿರಲಿಲ್ಲ. ಕರೆಯುವಷ್ಟು ಶಕ್ತಿ ಇರಲಿಲ್ಲ, ಅಷ್ಟೇ.

ನರ್ಸ್‌ನ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಸ್ವಲ್ಪ. ಇಂಜೆಕ್ಷನ್, ಡ್ರೆಸ್ಸಿಂಗ್, ಟ್ರಾಲಿ ಇದಿಷ್ಟೇ ಜನರಿಗೆ ಕಾಣುತ್ತದೆ. ನಿಜವಾದ ಕೆಲಸ ನೋಡುತ್ತಿರುವುದು. ಹಾದುಹೋಗುವಾಗ ಒಂದು ಮುಖ ನಿನ್ನೆಗಿಂತ ಬೇರೆ ಇದೆ ಅಂತ ಗೊತ್ತಾಗುವುದು. ನೆಟ್ಟಗೆ ಮಾತಾಡುತ್ತಿದ್ದವರು ಹಾಸಿಗೆಯ ಬಟ್ಟೆ ಕೀಳುತ್ತಿದ್ದಾರೆ ಅಂತ ಗಮನಿಸುವುದು. ಉಸಿರು 16 ಇದ್ದದ್ದು 24 ಆಗಿದೆ ಅಂತ ಎಣಿಸುವುದು. ಹೃದಯ ನಿಲ್ಲುವ ಎಷ್ಟೋ ಗಂಟೆ ಮೊದಲೇ ಸಾಮಾನ್ಯವಾಗಿ ಉಸಿರಿನ ವೇಗ ಬದಲಾಗಿರುತ್ತದೆ. ಇದನ್ನು ಹಿಡಿಯಲು ಯಂತ್ರಕ್ಕಿಂತ ಮೊದಲು ಬೇಕಾಗುವುದು ಬೆಡ್ ಪಕ್ಕ ಅರ್ಧ ನಿಮಿಷ ಸುಮ್ನೆ ನಿಲ್ಲುವ ಬಿಡುವು. ರೋಗಿಗಳ ಸಂಖ್ಯೆ ಹೆಚ್ಚಿದಾಗ ಮೊದಲು ಹೋಗುವುದೇ ಆ ಅರ್ಧ ನಿಮಿಷ. ಆಗ ಸದ್ದು ಮಾಡುವವರು ನಮ್ಮ ಸಮಯ ಪಡೆಯುತ್ತಾರೆ. ಸುಮ್ಮನಿರುವವರು ಕಳೆದುಹೋಗುತ್ತಾರೆ. ಬೆಲ್ ಒತ್ತದ ರೋಗಿಯನ್ನು ಮೊದಲು ನೋಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು ಆ ಅಜ್ಜಿಯಿಂದ ಕಲಿತ ಪಾಠ.

ಇನ್ನೊಂದು ವಿಷಯ ಇದಕ್ಕೇ ಅಂಟಿಕೊಂಡಿದೆ. ಸಮಯ ಸಾಲದಾಗ ಯಾವ ಕೆಲಸ ಬಿಟ್ಟುಹೋಗುತ್ತದೆ? ಅಮೆರಿಕದ ಬಿಯಾಟ್ರಿಸ್ ಕ್ಯಾಲಿಶ್ 2006ರಲ್ಲಿ ನರ್ಸ್‌ಗಳನ್ನು ಕೂರಿಸಿ ಇದನ್ನೇ ಕೇಳಿದರು. ರೋಗಿಯನ್ನು ಎಬ್ಬಿಸಿ ನಡೆಸುವುದು, ಮಗ್ಗುಲು ಬದಲಿಸುವುದು, ಮೈ ಬಾಯಿ ಶುಚಿ ಮಾಡುವುದು, ಹೊತ್ತಿಗೆ ಸರಿಯಾಗಿ ಉಣ್ಣಿಸುವುದು, ಮನೆಗೆ ಹೋದಮೇಲೆ ಹೇಗಿರಬೇಕು ಅಂತ ಹೇಳಿಕೊಡುವುದು, ಹೆದರಿದವರ ಜೊತೆ ಎರಡು ಮಾತಾಡುವುದು. ಉತ್ತರದಲ್ಲಿ ಬಂದದ್ದು ಇಂಥವು. ಔಷಧಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ, ಏಕೆಂದರೆ ಚಾರ್ಟ್‌ನಲ್ಲಿ ಅದಕ್ಕೊಂದು ಚೌಕ ಇದೆ. ಚೌಕ ಇಲ್ಲದ ಕೆಲಸ ಉಳಿಯುತ್ತದೆ. ಆ ಉಳಿದದ್ದನ್ನೇ ನಾವು ಹೊತ್ತು ಮನೆಗೆ ಹೋಗುತ್ತೇವೆ. ಸರಿ ಯಾವುದು ಅಂತ ಗೊತ್ತಿದ್ದೂ ಮಾಡಲು ಬಿಡದ ಜಾಗದಲ್ಲಿ ಆಗುವ ಈ ನೋವಿಗೆ 1984ರಲ್ಲಿ ಆ್ಯಂಡ್ರ್ಯೂ ಜೇಮ್‌ಟನ್ ಅನ್ನುವವರು ನರ್ಸಿಂಗ್ ಕುರಿತು ಬರೆಯುವಾಗ 'ಮಾರಲ್ ಡಿಸ್ಟ್ರೆಸ್' ಅಂತ ಹೆಸರಿಟ್ಟರು. ನಿಮ್ಮಲ್ಲಿರುವುದು ಅದು. ಅದಕ್ಕೆ ಸೋಮಾರಿತನ ಅಂತ ಹೆಸರಿಲ್ಲ.

ಇನ್ನು ಆ ಇನ್ಸುಲಿನ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವು ಒಬ್ಬರೇ ಹೊತ್ತುಕೊಂಡು ಓಡಾಡುತ್ತಿದ್ದೀರಿ.

1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವ ಇಬ್ಬರು ವಿಜ್ಞಾನಿಗಳು ನಿದ್ದೆಗೆಟ್ಟವರ ಕೈ ಮತ್ತು ಕಣ್ಣಿನ ಹೊಂದಾಣಿಕೆಯನ್ನು ಅಳೆದು ನೋಡಿದರು. 17 ಗಂಟೆ ಎಚ್ಚರ ಇದ್ದವರು ರಕ್ತದಲ್ಲಿ ಶೇ 0.05 ಮದ್ಯ ಇರುವವರಂತೆ ತಡವರಿಸಿದರು. 24 ಗಂಟೆ ಎಚ್ಚರ ಇದ್ದವರು ಶೇ 0.10 ಇರುವವರಂತೆ. ಎಷ್ಟೋ ದೇಶಗಳಲ್ಲಿ ಶೇ 0.05 ಇದ್ದರೆ ವಾಹನ ಓಡಿಸುವಂತಿಲ್ಲ. ಸ್ಟಿಯರಿಂಗ್ ಕೊಡಬಾರದ ಕೈಗೆ ನಾವು ಇನ್ಸುಲಿನ್ ಕೊಡುತ್ತೇವೆ. 2004ರಲ್ಲಿ ಅಮೆರಿಕದ 393 ನರ್ಸ್‌ಗಳು ತಮ್ಮ ಡ್ಯೂಟಿ, ನಿದ್ದೆ, ತಪ್ಪುಗಳನ್ನು ಡೈರಿಯಲ್ಲಿ ಬರೆದಿಟ್ಟರು. ಡ್ಯೂಟಿ ಹನ್ನೆರಡೂವರೆ ಗಂಟೆ ದಾಟಿದಾಗ ತಪ್ಪಾಗುವ ಸಂಭವ ಮೂರು ಪಟ್ಟಾಗಿತ್ತು. ಅದರ ಮೇಲೆ, ಬೆಳಗಿನ ಜಾವ ದೇಹ ತಾನಾಗಿಯೇ ತೂಗಡಿಕೆಗೆ ಜಾರುತ್ತದೆ. ನಿಮ್ಮದು ಐದನೇ ರಾತ್ರಿ.

ನಡುವೆ ಬಂದು ಮಾತಾಡಿಸುವವರ ಸಂಗತಿ ಇನ್ನೊಂದು. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧಿ ಕೊಡುವುದನ್ನು ಪಕ್ಕದಲ್ಲೇ ನಿಂತು ಗಮನಿಸಿದರು. 2010ರಲ್ಲಿ ಬಂದ ವರದಿ. ಅರ್ಧಕ್ಕಿಂತ ಹೆಚ್ಚು ಸಲ ಯಾರಾದರೂ ಅಡ್ಡಬಂದಿದ್ದರು. ಒಂದೊಂದು ಅಡ್ಡಿಗೂ ತಪ್ಪು ಶೇ 12ರಷ್ಟು ಹೆಚ್ಚುತ್ತಿತ್ತು. ಸಿಸ್ಟರ್, ಡ್ರಿಪ್ ಮುಗೀತು. ಸಿಸ್ಟರ್, ಫೋನ್. ಸಿಸ್ಟರ್, ಒಂದ್ನಿಮಿಷ. ಇಂಥ ಒಂದು ಸಣ್ಣ ಕರೆ ಸಾಕು, ಕೈಯಲ್ಲಿರುವ ಸಿರಿಂಜ್ ಯಾರದು ಅನ್ನುವುದು ತಲೆಯಿಂದ ಜಾರಿಹೋಗುತ್ತದೆ.

ಹಾಗಾಗಿ ಮೂರು ಸಣ್ಣ ಅಭ್ಯಾಸ ಹೇಳುತ್ತೇನೆ. ಎಷ್ಟೇ ಅವಸರ ಇದ್ದರೂ ಇಬ್ಬರ ಇನ್ಸುಲಿನ್ ಒಟ್ಟಿಗೆ ಎಳೆದಿಟ್ಟುಕೊಳ್ಳಬೇಡಿ. ಒಬ್ಬರದು ಎಳೆಯಿರಿ, ಕೊಡಿ, ಬರೆಯಿರಿ, ಆಮೇಲೆ ಇನ್ನೊಬ್ಬರದು. ಎರಡನೆಯದು, ಹೆಸರು ಕೇಳುವ ರೀತಿ. 'ನೀವು ಇಂಥವರಾ?' ಅಂತ ಕೇಳಿದರೆ ನಿದ್ದೆಗಣ್ಣಿನ ರೋಗಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. 'ನಿಮ್ಮ ಹೆಸರು ಹೇಳಿ' ಅನ್ನಿ. ಬಾಯಲ್ಲಿ ಹೆಸರು ಬರಲಿ, ಆಮೇಲೆ ಕೈಪಟ್ಟಿಯ ಐಡಿ ನಂಬರ್ ನೋಡಿ. ಮೂರನೆಯದು, ಔಷಧಿ ಎಳೆಯುವಾಗ ಯಾರಾದರೂ ಕರೆದರೆ ಎಳೆದದ್ದನ್ನು ಬಿಸಾಡಿ ಮೊದಲಿನಿಂದ ಶುರುಮಾಡಿ. ಅರ್ಧಕ್ಕೆ ನಿಂತ ಕೆಲಸ ಮುಂದುವರಿಸುವಾಗಲೇ ಜಾಸ್ತಿ ಎಡವುವುದು. ಇನ್ಸುಲಿನ್ ಅಪಾಯ ಹೆಚ್ಚಿರುವ ಔಷಧಿ. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸುವುದು ಒಳ್ಳೆಯ ಪದ್ಧತಿ. ಒಬ್ಬಳೇ ನರ್ಸ್ ಇರುವ ವಾರ್ಡಿನಲ್ಲಿ ಎರಡನೆಯವರು ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಅದನ್ನು ನೀವು ಬರವಣಿಗೆಯಲ್ಲಿ ಕೇಳಬೇಕು, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಕೈ ನಡುಗುವುದಕ್ಕೂ ಒಂದು ಹೆಸರಿದೆ. ತಪ್ಪಿನಿಂದ ಪೆಟ್ಟು ತಿನ್ನುವವರಲ್ಲಿ ರೋಗಿ ಮೊದಲನೆಯವರು, ಆ ತಪ್ಪಿನ ಜೊತೆ ಬದುಕಬೇಕಾದ ಆರೋಗ್ಯ ಕೆಲಸಗಾರ ಎರಡನೆಯವರು ಅಂತ 2000ದಲ್ಲಿ ಡಾಕ್ಟರ್ ಆಲ್ಬರ್ಟ್ ವೂ ಬರೆದರು. 'ಸೆಕೆಂಡ್ ವಿಕ್ಟಿಮ್' ಅನ್ನುವ ಮಾತು ಅಲ್ಲಿಂದ ಬಂತು. ಯಾರಿಗೂ ಏನೂ ಆಗದೆ ತಪ್ಪಿಹೋದ ಘಟನೆಯಲ್ಲೂ ಇದು ಆಗುತ್ತದೆ. ಮುಚ್ಚಿಟ್ಟಷ್ಟು ದಿನ ನಡುಕ ಕಡಿಮೆಯಾಗುವುದು ಕಷ್ಟ. ನಂಬಿಕೆಯ ಒಬ್ಬ ಹಿರಿಯ ನರ್ಸ್‌ಗೆ ಮೊದಲು ಬಾಯಲ್ಲಿ ಹೇಳಿ. ಅವರ ಬಳಿಯೂ ಇಂಥದ್ದೊಂದು ರಾತ್ರಿ ಇರುತ್ತದೆ. ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಅಳು ಬರುತ್ತಿಲ್ಲ ಅಂದಿರಿ. ಕಲ್ಲಾಗಿಬಿಟ್ಟೆ ಅಂತ ಭಯಪಟ್ಟಿದ್ದೀರಿ. ಕ್ರಿಸ್ಟಿನಾ ಮ್ಯಾಸ್ಲಾಕ್ ಅನ್ನುವ ಮನಶ್ಶಾಸ್ತ್ರಜ್ಞೆ ಬರ್ನ್‌ಔಟ್, ಅಂದರೆ ಕೆಲಸದಿಂದ ಸೋತು ಕುಸಿಯುವುದನ್ನು, ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಕೊಟ್ಟರು. ಅವರ ಪ್ರಕಾರ ಅದಕ್ಕೆ ಮೂರು ಮುಖ. ಮನಸ್ಸು ಬತ್ತಿಹೋಗುವುದು, ಎದುರಿನವರು ಮನುಷ್ಯರಾಗಿ ಕಾಣದೆ ಬೆಡ್ ನಂಬರ್ ಆಗಿ ಕಾಣುವುದು, ನಾನು ಏನೂ ಮಾಡುತ್ತಿಲ್ಲ ಅನ್ನಿಸುವುದು. ನೀವು ಮೂರನ್ನೂ ನಾಲ್ಕು ಸಾಲಿನಲ್ಲಿ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಬರೆಯಲಿಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಅಂತ ಬರೆಯಿತು. ಈ ವ್ಯತ್ಯಾಸ ನನಗೆ ಮುಖ್ಯ. ಕಾಯಿಲೆ ಅಂದರೆ ನಿಮ್ಮನ್ನು ಸರಿಮಾಡಬೇಕು. ಕೆಲಸದಿಂದ ಹುಟ್ಟಿದ್ದು ಅಂದರೆ ಕೆಲಸವನ್ನು ಸರಿಮಾಡಬೇಕು. ಧ್ಯಾನದ ಕ್ಲಾಸ್ ಇಟ್ಟರೆ ಹೋಗಿ, ಕೆಟ್ಟದ್ದೇನಲ್ಲ. ಆದರೆ ಅದರಿಂದ 18 ಅನ್ನುವುದು 17 ಆಗುವುದಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ರಜೆಯ ದಿನವೂ ನಿದ್ದೆ ಬರದಿದ್ದರೆ, ಇಷ್ಟದ ಯಾವುದರಲ್ಲೂ ಖುಷಿ ಸಿಗದಿದ್ದರೆ, ಎರಡು ವಾರ ಇದೇ ನಡೆದರೆ, ಅದು ಬರ್ನ್‌ಔಟ್ ದಾಟಿ ಖಿನ್ನತೆ ಆಗಿರಬಹುದು. ಡಾಕ್ಟರನ್ನು ನೋಡಿ. ಬದುಕುವುದೇ ಬೇಡ ಅನ್ನಿಸಿದರೆ ಅವತ್ತೇ ನೋಡಿ. ಡ್ಯೂಟಿ ಮುಗಿಯಲಿ ಅಂತ ಕಾಯಬೇಡಿ. ನರ್ಸ್‌ಗಳು ತಮ್ಮ ಸರದಿಯನ್ನು ಯಾವಾಗಲೂ ಕೊನೆಗೆ ಇಡುತ್ತಾರೆ. ಇದರಲ್ಲಿ ಹಾಗೆ ಮಾಡಬಾರದು.

ಸೊಂಟದ ವಿಷಯ ಬೇಗ ಹೇಳಿಬಿಡುತ್ತೇನೆ. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ತಜ್ಞರು ಲೆಕ್ಕ ಹಾಕಿ ಹೇಳಿದ್ದು, ಒಬ್ಬ ನರ್ಸ್ ರೋಗಿಯನ್ನು ಎತ್ತುವಾಗ ಕೈ ಮೇಲೆ ಬೀಳುವ ಭಾರ ಸುಮಾರು 16 ಕಿಲೋ ಮೀರಬಾರದು. 60 ಕಿಲೋ ರೋಗಿಯನ್ನು ಇಬ್ಬರು ಎತ್ತಿದರೂ ಒಬ್ಬೊಬ್ಬರಿಗೆ 30 ಬರುತ್ತದೆ. ಮೊಣಕಾಲು ಬಗ್ಗಿಸಿ ಎತ್ತು ಅಂತ ಕಲಿಸಿದ್ದು ಒಳ್ಳೆಯದೇ, ಆದರೆ ಅದೊಂದರಿಂದ ಸೊಂಟ ಉಳಿಯುವುದಿಲ್ಲ. ಎತ್ತಬೇಡಿ, ಜಾರಿಸಿ. ರೋಗಿಯ ಕೆಳಗೆ ಹಾಸಿ ಜಾರಿಸುವ ನುಣುಪು ಬಟ್ಟೆ, ಸ್ಲೈಡ್ ಶೀಟ್, ಕೇಳಿ ತರಿಸಿ. ಬೆಡ್ ಅನ್ನು ನಿಮ್ಮ ಸೊಂಟದ ಎತ್ತರಕ್ಕೆ ತಂದು ಕೆಲಸ ಮಾಡಿ. ನೋವು ಕಾಲಿಗೆ ಇಳಿದರೆ, ಕಾಲು ಜೋಮು ಹಿಡಿದರೆ, ಮಾತ್ರೆ ನುಂಗಿ ಡ್ಯೂಟಿಗೆ ಹೋಗಬೇಡಿ.

ಸಾಲು ನೈಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೂರಕ್ಕಿಂತ ಹೆಚ್ಚು ಬೇಡ. ರೋಸ್ಟರ್ ತಿರುಗುವುದಾದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲಿ ತಿರುಗಲಿ. ದೇಹಕ್ಕೆ ಮಲಗುವ ಹೊತ್ತನ್ನು ಮುಂದೂಡುವುದು ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ. ರಾತ್ರಿ 20 ನಿಮಿಷ ಕಣ್ಣು ಮುಚ್ಚಲು ಅವಕಾಶ ಇದ್ದರೆ ಮುಚ್ಚಿ. ಒಂದು ಗಂಟೆ ಮಲಗಿ ಎದ್ದರೆ ಮಂಪರು ಬಿಡಲು ಇನ್ನಷ್ಟು ಹೊತ್ತು ಬೇಕು. ಡ್ಯೂಟಿ ಮುಗಿಸಿ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ದಯವಿಟ್ಟು. ರಾತ್ರಿ ಪಾಳಿಯನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲೇ '2ಎ' ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಅದನ್ನೇ ಹೇಳಿತು. ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅಂತ ಅದರ ಅರ್ಥ. ಹೆದರಿಸಲು ಹೇಳುತ್ತಿಲ್ಲ. ನೈಟ್ ಅನ್ನುವುದು ಬರೀ ನಿದ್ದೆಗೇಡಲ್ಲ, ದೇಹ ತೆರುವ ಬೆಲೆ ಅಂತ ರೋಸ್ಟರ್ ಹಾಕುವವರಿಗೆ ಗೊತ್ತಿರಬೇಕು.

ಅವರ ಮುಂದೆ ಇಡಲು ನಿಮಗೊಂದು ಕಾಗದ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲಿ ನರ್ಸ್‌ಗಳಿಗಾಗಿಯೇ 149ನೇ ಒಪ್ಪಂದ ಮಾಡಿತು. ಜೊತೆಗೆ 157ನೇ ಶಿಫಾರಸು. ದಿನದ ಕೆಲಸ ಸಾಮಾನ್ಯವಾಗಿ ಎಂಟು ಗಂಟೆ ಮೀರಬಾರದು, ಓವರ್‌ಟೈಮ್ ಸೇರಿದರೂ 12 ದಾಟಬಾರದು, ಎರಡು ಡ್ಯೂಟಿಗಳ ನಡುವೆ ಕನಿಷ್ಠ 12 ಗಂಟೆ ಬಿಡುವು ಇರಬೇಕು ಅಂತ ಅದರಲ್ಲಿ ಇದೆ. ಶಿಫಾರಸು ಕಾನೂನಲ್ಲ, ನಿಜ. ಆದರೆ ನೀವು ಕೇಳುತ್ತಿರುವುದು ಐಷಾರಾಮ ಅಲ್ಲ ಅನ್ನುವುದಕ್ಕೆ ಅದು ಸಾಕ್ಷಿ.

ಈಗ ನನ್ನ ಮುಖ್ಯ ಮಾತು. ಒಂದು ನೋಟ್‌ಬುಕ್ ಇಡಿ. ಪ್ರತಿ ಡ್ಯೂಟಿ ಮುಗಿದಾಗ ಐದು ನಿಮಿಷ. ತಾರೀಖು, ಎಷ್ಟು ರೋಗಿಗಳು, ಎಷ್ಟು ನರ್ಸ್, ಹೊರಳಲಾಗದವರು ಎಷ್ಟು, ಯಾವ ಕೆಲಸ ಉಳಿಯಿತು, ಯಾಕೆ ಉಳಿಯಿತು. ರೋಗಿಗಳ ಹೆಸರು ಬೇಡ. ಬೈಗುಳ ಬೇಡ. 'ತುಂಬಾ ಕಷ್ಟ ಆಯ್ತು' ಅಂತ ಬರೆಯಬೇಡಿ. 'ರಾತ್ರಿ ಎರಡು ಗಂಟೆಯ ಮಗ್ಗುಲು ಬದಲಾವಣೆ ನಾಲ್ಕು ಜನರಲ್ಲಿ ಮೂವರಿಗೆ ಆಗಲಿಲ್ಲ, ಅದೇ ಹೊತ್ತಿಗೆ ಅಡ್ಮಿಷನ್ ಬಂತು' ಅಂತ ಬರೆಯಿರಿ. ನಾಲ್ಕು ವಾರ ಹೀಗೆ ಬರೆದರೆ ನಿಮ್ಮ ಬಳಿ ದೂರು ಇರುವುದಿಲ್ಲ, ಲೆಕ್ಕ ಇರುತ್ತದೆ. ಉಳಿದ ಕೆಲಸವನ್ನು ಬರೆಯುವುದು ತಪ್ಪೊಪ್ಪಿಗೆ ಅಂತ ನಮ್ಮಲ್ಲಿ ಹೆದರುತ್ತಾರೆ. ನಾನು ಒಪ್ಪುವುದಿಲ್ಲ. ಬರೆಯದೆ ಇದ್ದರೆ, ಎಲ್ಲಾ ಆಗಿದೆ ಅಂತ ಚಾರ್ಟ್ ಹೇಳುತ್ತದೆ. ಎಲ್ಲಾ ಆಗಿದೆ ಅಂದಮೇಲೆ ಇನ್ನೊಬ್ಬ ನರ್ಸ್ ಯಾಕೆ ಬೇಕು ಅಂತ ಅವರು ಕೇಳುತ್ತಾರೆ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರಿಗೂ ದೀಪ ನೆನಪಾಗುತ್ತದೆ. ಕ್ರಿಮಿಯಾ ಯುದ್ಧದ ಆಸ್ಪತ್ರೆಯಿಂದ ಬಂದಮೇಲೆ ಅವರು ಕೂತು ಸಾವುಗಳನ್ನು ಎಣಿಸಿದರು. ಗುಂಡೇಟಿಗಿಂತ ಕಾಯಿಲೆಯಿಂದ ಸತ್ತ ಸೈನಿಕರೇ ಜಾಸ್ತಿ ಅಂತ ಬಣ್ಣದ ಚಿತ್ರ ಮಾಡಿ ಸರ್ಕಾರಕ್ಕೆ ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. ನಮಗೆ ಅವರ ಮಮತೆಯನ್ನು ಹೇಳಿಕೊಟ್ಟರು, ಲೆಕ್ಕವನ್ನು ಹೇಳಿಕೊಡಲಿಲ್ಲ. ನರ್ಸಿಂಗ್ ಸೇವೆ, ಸೇವೆಯಲ್ಲಿ ಗೊಣಗಬಾರದು ಅಂತ ಯಾರಾದರೂ ಅಂದಾಗ ನನಗೆ ಆ ಬಣ್ಣದ ಚಿತ್ರ ನೆನಪಾಗುತ್ತದೆ.

ಲೆಕ್ಕ ತೆಗೆದುಕೊಂಡು ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಸೇರಿ ಹೋಗಿ. ಒಬ್ಬಳು ಹೋದರೆ ಅವಳದೇ ಸಮಸ್ಯೆ ಅನ್ನುತ್ತಾರೆ, ಮೂವರು ಹೋದರೆ ವಾರ್ಡಿನ ಸಮಸ್ಯೆ ಆಗುತ್ತದೆ. ಕೇಳುವುದು ಸಣ್ಣದಾಗಿರಲಿ, ಸ್ಪಷ್ಟವಾಗಿರಲಿ. ನಾವು ಒಂದು ಕಾಲದಲ್ಲಿ ಆರು ವಾರದ ಲೆಕ್ಕ ಇಟ್ಟುಕೊಂಡು ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಒಬ್ಬ ಸಹಾಯಕಿ ಬೇಕು ಅಂತ ಕೇಳಿದೆವು. ಇನ್ನೊಬ್ಬ ನರ್ಸ್ ಕೊಡಲಾಗುವುದಿಲ್ಲ ಅಂದವರು ಸಹಾಯಕಿಯನ್ನು ಕೊಟ್ಟರು. ಅಷ್ಟಕ್ಕೇ ಮಗ್ಗುಲು ಬದಲಿಸುವ ಕೆಲಸ ಹಳಿಗೆ ಬಂತು. ನನ್ನ ಸೊಂಟ ಇವತ್ತಿಗೂ ಆ ಹುಡುಗಿಯನ್ನು ನೆನೆಯುತ್ತದೆ.

ಹಣ ಇಲ್ಲ ಅಂದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಉದಾಹರಣೆ ಕೊಡಿ. ಅಲ್ಲಿ 2016ರಿಂದ ಹಲವು ಸರ್ಕಾರಿ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಹಗಲು ನಾಲ್ಕು ರೋಗಿಗೆ ಒಬ್ಬ ನರ್ಸ್, ರಾತ್ರಿ ಏಳು ರೋಗಿಗೆ ಒಬ್ಬ ನರ್ಸ್ ಅಂತ ಕಾನೂನು ಮಾಡಿದರು. 2021ರಲ್ಲಿ ಬಂದ ಅಧ್ಯಯನದ ಪ್ರಕಾರ ಅಲ್ಲಿ ಸಾವು ಕಡಿಮೆಯಾಗಿತ್ತು. ರೋಗಿಗಳು ಬೇಗ ಮನೆಗೆ ಹೋಗಿದ್ದರಿಂದ, ಮತ್ತೆ ಮತ್ತೆ ಅಡ್ಮಿಟ್ ಆಗುವುದು ತಗ್ಗಿದ್ದರಿಂದ ಉಳಿದ ಹಣ, ಹೆಚ್ಚುವರಿ ನರ್ಸ್‌ಗಳಿಗೆ ಕೊಟ್ಟ ಹಣದ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಅದಕ್ಕೂ ಮೊದಲು, ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಇಂಥದ್ದೇ ಕಾನೂನು ಆಗಿ 2004ರಿಂದ ಜಾರಿಗೆ ಬಂತು. ಐಸಿಯುನಲ್ಲಿ ಇಬ್ಬರಿಗೆ ಒಬ್ಬರು, ಸಾಮಾನ್ಯ ವಾರ್ಡಿನಲ್ಲಿ ಈಗ ಐವರಿಗೆ ಒಬ್ಬರು. ಅದು ತಾನಾಗಿ ಬರಲಿಲ್ಲ. ನರ್ಸ್‌ಗಳ ಸಂಘ ವರ್ಷಗಟ್ಟಲೆ ಹಟ ಹಿಡಿದು ತಂದದ್ದು. ನರ್ಸ್‌ಗಳೇ ಸಿಗುತ್ತಿಲ್ಲ ಅನ್ನುವುದು ಇನ್ನೊಂದು ಉತ್ತರ. ಜಗತ್ತಿನಲ್ಲಿ 2023ರ ಲೆಕ್ಕಕ್ಕೆ 58 ಲಕ್ಷ ನರ್ಸ್‌ಗಳ ಕೊರತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆದರೆ ಇರುವವರು ನಿಮ್ಮ ಹಾಗೆ ಬಿಟ್ಟುಹೋಗಲು ಯೋಚಿಸುತ್ತಿದ್ದರೆ ಕೊರತೆ ತುಂಬುವುದು ಹೇಗೆ?

ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಿ ಅಂತಲೂ ಇರಿ ಅಂತಲೂ ನಾನು ಹೇಳಲಾರೆ. ಆದರೆ ಈಗ, ಈ ದಣಿವಿನಲ್ಲಿ ತೀರ್ಮಾನ ಮಾಡಬೇಡಿ. ಹತ್ತು ದಿನ ರಜೆ ತೆಗೆದುಕೊಳ್ಳಿ. ಮೊದಲ ಐದು ದಿನ ಬರೀ ನಿದ್ದೆಯಲ್ಲಿ ಹೋಗುತ್ತದೆ. ಆಮೇಲೆ ಕೇಳಿಕೊಳ್ಳಿ, ನನಗೆ ಸಾಕಾಗಿರುವುದು ರೋಗಿಗಳ ಸಹವಾಸವಾ, ಈ ವಾರ್ಡಾ? ಹೆಚ್ಚಿನವರ ಉತ್ತರ ಎರಡನೆಯದು. ಡಯಾಲಿಸಿಸ್, ಸೋಂಕು ನಿಯಂತ್ರಣ, ಸಮುದಾಯ ಆರೋಗ್ಯ, ಪಾಠ ಹೇಳುವುದು, ಹೀಗೆ ನರ್ಸಿಂಗ್‌ನೊಳಗೇ ಎಷ್ಟೋ ಬಾಗಿಲುಗಳಿವೆ. ಮಾಡದ ವೈಟಲ್ಸ್ ಅನ್ನು ಮಾಡಿದಂತೆ ಬರೆಯಿರಿ ಅಂತ ಹೇಳಿದರೆ, ತಪ್ಪಿಹೋದ ಘಟನೆ ವರದಿ ಮಾಡಿದವರಿಗೆ ಶಿಕ್ಷೆ ಕೊಟ್ಟರೆ, ಆ ಜಾಗ ಬಿಡಿ. ಅಲ್ಲಿ ಒಂದು ದಿನ ತಪ್ಪು ನಡೆದೇ ನಡೆಯುತ್ತದೆ, ಆವತ್ತು ನರ್ಸ್ ನೋಂದಣಿ ಹೋಗುವುದು ನಿಮ್ಮದು. ಎಲ್ಲಿಗೇ ಹೋದರೂ ನೋಂದಣಿ ನವೀಕರಿಸುವುದನ್ನು ಬಿಡಬೇಡಿ, ಅನುಭವ ಪತ್ರ ಕೇಳಿ ಇಟ್ಟುಕೊಳ್ಳಿ.

ಆ ಬೆಳಗಿನ ಘಟನೆಯನ್ನು ಈ ವಾರವೇ ಬರೆದು ಕೊಡಿ. ತಡವಾದರೂ ಪರವಾಗಿಲ್ಲ. ಕೆಲವು ಕಡೆ ಇದಕ್ಕೆ ಬೈಯುತ್ತಾರೆ, ಅದು ನನಗೆ ಗೊತ್ತು. ಆದ್ದರಿಂದ ಹಿರಿಯ ನರ್ಸ್ ಒಬ್ಬರಿಗೆ ತೋರಿಸಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಂಡು ಕೊಡಿ. ಕ್ಷಮೆ ಕೇಳುವ ಸಾಲು ಬೇಡ. ಇಷ್ಟು ಸಾಕು: 'ಸಾಲಾಗಿ ಐದನೇ ನೈಟ್ ಡ್ಯೂಟಿ. ವಾರ್ಡಿನಲ್ಲಿ 18 ರೋಗಿಗಳು, ಒಬ್ಬ ನರ್ಸ್. ಬೆಳಗಿನ ಇನ್ಸುಲಿನ್ ಸಮಯ. ಎರಡನೇ ಪರೀಕ್ಷೆಗೆ ಇನ್ನೊಬ್ಬ ನರ್ಸ್ ಇರಲಿಲ್ಲ. ಒಬ್ಬ ರೋಗಿಯ ಇನ್ಸುಲಿನ್ ಅನ್ನು ಪಕ್ಕದ ಬೆಡ್‌ಗೆ ಒಯ್ದೆ. ಹೆಸರು ಕೇಳಿದಾಗ ಗೊತ್ತಾಯಿತು. ಕೊಟ್ಟಿಲ್ಲ. ರೋಗಿಗೆ ತೊಂದರೆ ಆಗಿಲ್ಲ. ರಾತ್ರಿ ಇನ್ಸುಲಿನ್ ಪರೀಕ್ಷಿಸಲು ಎರಡನೆಯವರ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.'